ಯಾರಿಗೆ ದೂರು ಬರೆದಿರಿ?

ಕಳೆದ ತಿಂಗಳು ಸಾಗರದ ನನ್ನ ಚಿಕ್ಕಪ್ಪನಿಗೆ ಎದೆನೋವು ಬಂದು, ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟೆಂಟ್ ಹಾಕಿಸಬೇಕಾಯಿತು. ಅಡಿಕೆ ಮಂಡಿಯಿಂದ ಮುಂಗಡ ತಂದು, ಚಿಕ್ಕಮ್ಮನ ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟು, ಉಳಿದದ್ದನ್ನು ಅಣ್ಣತಮ್ಮಂದಿರ ಮಕ್ಕಳು ಹಂಚಿಕೊಂಡು ಆಸ್ಪತ್ರೆಯ ಲೆಕ್ಕ ಚುಕ್ತಾ ಮಾಡಿದರು. ನನ್ನ ಪಾಲನ್ನು ಇಲ್ಲಿಂದ, ಕಜಾನ್ ನಗರದಿಂದ, ಊರಿಗೆ ತಲುಪಿಸುವುದಕ್ಕೆ ಪಟ್ಟ ಪಾಡು ಬೇರೆಯೇ ಕಥೆ. ಬ್ಯಾಂಕುಗಳ ನಡುವಿನ ದಾರಿಗಳು ಮುಚ್ಚಿರುವ ಈ ದಿನಗಳಲ್ಲಿ ರಷ್ಯಾದಿಂದ ಹಣ ಕಳುಹಿಸುವವರಿಗೆಲ್ಲ ಅದು ಗೊತ್ತು. ಅಂತೂ ಚಿಕ್ಕಪ್ಪ ಮನೆಗೆ ಬಂದರು, ಮೆಟ್ಟಿಲು ಹತ್ತುತ್ತಿದ್ದಾರೆ ಎಂಬ ಸುದ್ದಿ ಬಂದ ಸಂಜೆ, ನೆಮ್ಮದಿಯಿಂದಲೇ ಈ ಸಂಗತಿಯನ್ನೆಲ್ಲ ಪಕ್ಕದ ಮನೆಯ ಅಜ್ಜಿಗೆ ಹೇಳಿದೆ.

ಅವರು ಚಹಾದ ಲೋಟ ಕೆಳಗಿಟ್ಟು ಕೇಳಿದ್ದು ಎರಡು ಪ್ರಶ್ನೆ. ಮೊದಲನೆಯದು, "ಆಗ ನಿಮ್ಮ ಸರ್ಕಾರ ಎಲ್ಲಿತ್ತು?" ನಾನು ನಕ್ಕೆ. ಅವರು ನಗಲಿಲ್ಲ. "ಮಗಳೇ, ಯಾರಿಗೆ ದೂರು ಬರೆದಿರಿ?"

ಯಾರಿಗೂ ಬರೆದಿರಲಿಲ್ಲ. ಅಷ್ಟೇ ಅಲ್ಲ, ಚಿಕ್ಕಪ್ಪನ ಕಾಯಿಲೆಯ ವಿಷಯದಲ್ಲಿ ನಮ್ಮ ಬಂಧುಬಳಗದ ಗುಂಪಿನಲ್ಲಿ ಹರಿದಾಡಿದ ನೂರಾರು ಸಂದೇಶಗಳಲ್ಲಿ ದೇವರಿದ್ದ, ಮಂಡಿಯ ಸಾಹುಕಾರರಿದ್ದರು, ಪರಿಚಯದ ಡಾಕ್ಟರಿದ್ದರು, ಅಮೆರಿಕದ ಭಾವನ ಸಲಹೆಗಳಿದ್ದವು. ಸರ್ಕಾರ ಎಂಬ ಪದ ಒಮ್ಮೆಯೂ ಬಂದಿರಲಿಲ್ಲ. ಬಯ್ಯುವುದಕ್ಕಾದರೂ ಯಾರೂ ಅದನ್ನು ನೆನೆದಿರಲಿಲ್ಲ. ಸರ್ಕಾರವೆಂದರೆ ದಿನಬೆಳಗಾದರೆ ಬಯ್ಯುವ ನಮ್ಮ ಮನೆಯವರಿಗೆ ಅಂಥ ಹೊತ್ತಿನಲ್ಲಿ ಅದು ಮರೆತೇ ಹೋದದ್ದು ನನಗೆ ಆ ಸಂಜೆಯವರೆಗೆ ವಿಚಿತ್ರವೆಂದು ತೋರಿರಲೂ ಇಲ್ಲ.

ಈ ಅಜ್ಜಿ ಟ್ರಾಮ್ ಡಿಪೋದಲ್ಲಿ ಲೆಕ್ಕಪತ್ರ ನೋಡಿಕೊಂಡು ನಿವೃತ್ತರಾದವರು. ದೀರ್ಘಕಾಲ ದುಡಿದವರಿಗೆ ಇಲ್ಲಿ ಕೊಡುವ 'ವೆಟೆರಾನ್ ತ್ರುದಾ' ಎಂಬ ಬಿರುದಿನ ಚೀಟಿ ಅವರ ಕೈಚೀಲದಲ್ಲಿ ಸದಾ ಇರುತ್ತದೆ, ಏಕೆಂದರೆ ಅದರಿಂದ ಕೆಲವು ರಿಯಾಯಿತಿಗಳುಂಟು. ಅವರ ಪ್ರಶ್ನೆಯನ್ನು ಮುದುಕಿಯ ಮುಗ್ಧತೆ ಎಂದು ತಳ್ಳಿಹಾಕುವಂತಿಲ್ಲ. 1918ರ ಜುಲೈಯಲ್ಲಿ ಸೋವಿಯತ್ ಸರ್ಕಾರ ಆರೋಗ್ಯಕ್ಕಾಗಿ ಪ್ರತ್ಯೇಕ ಆಡಳಿತ ವಿಭಾಗವನ್ನು ಕಟ್ಟಿ ನಿಕೊಲಾಯ್ ಸೆಮಾಷ್ಕೊ ಎಂಬ ವೈದ್ಯರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. 1930ರವರೆಗೆ ಆ ಹುದ್ದೆಯಲ್ಲಿದ್ದ ಅವರ ಹೆಸರಿನಿಂದಲೇ ಗುರುತಿಸುವ ಆ ವ್ಯವಸ್ಥೆಯಲ್ಲಿ ಊರನ್ನು ಬಡಾವಣೆಗಳಾಗಿ ಹಂಚಿ, ಪ್ರತಿ ಬಡಾವಣೆಗೆ ಒಬ್ಬ ವೈದ್ಯರನ್ನು ನಿಯಮಿಸಿ, ಅವರ ಮೇಲೆ ತಜ್ಞ ವೈದ್ಯರು ಕುಳಿತು ನೋಡುವ ಪಾಲಿಕ್ಲಿನಿಕ್, ಅದರ ಮೇಲೆ ಆಸ್ಪತ್ರೆ, ಹೀಗೆ ಮೆಟ್ಟಿಲುಗಳನ್ನು ಕಟ್ಟಲಾಯಿತು. ಸೋವಿಯತ್ ಒಕ್ಕೂಟ ಹೋಯಿತು, ಮೆಟ್ಟಿಲುಗಳು ಉಳಿದವು. 1993ರ ಸಂವಿಧಾನದ 41ನೇ ವಿಧಿ, ಸರ್ಕಾರಿ ಮತ್ತು ಪುರಸಭೆಯ ಆಸ್ಪತ್ರೆಗಳಲ್ಲಿ ಪ್ರಜೆಗಳಿಗೆ ಚಿಕಿತ್ಸೆ ಉಚಿತವೆಂದು ನೇರವಾಗಿಯೇ ಹೇಳುತ್ತದೆ. ದುಡಿಯುವವರ ಸಂಬಳದ ಲೆಕ್ಕದ ಮೇಲೆ ಮಾಲೀಕರು ಕಟ್ಟುವ ಕಡ್ಡಾಯ ವಿಮೆಯ ಹಣದಿಂದ ಅದು ನಡೆಯುತ್ತದೆ. ಜ್ವರ ಬಂದರೆ ಬಡಾವಣೆಯ ವೈದ್ಯರು ಮನೆಗೆ ಬರುತ್ತಾರೆ. 103ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ನಮ್ಮ ಮಗಳಿಗೆ ಒಂದು ರಾತ್ರಿ ಜ್ವರ ಏರಿದಾಗ ಬಂದ ಫೆಲ್ದ್‌ಷೆರ್, ಅಂದರೆ ಡಾಕ್ಟರಿಗೂ ನರ್ಸಿಗೂ ನಡುವಿನ ತರಬೇತಿ ಪಡೆದವರು, ಇಂಜೆಕ್ಷನ್ ಕೊಟ್ಟು, ಕಾಗದದಲ್ಲಿ ನಾಲ್ಕು ಸಾಲು ಗೀಚಿ ಹೊರಟಾಗ ಎಷ್ಟು ಕೊಡಬೇಕೆಂದು ನನ್ನವರು ಪರ್ಸು ತೆಗೆದರು. ಆತ ಅದನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ ಮಾತಿಲ್ಲದೆ ಇಳಿದುಹೋದರು.

ಇಷ್ಟರಿಂದ ಇಲ್ಲಿ ಎಲ್ಲವೂ ಸುಸೂತ್ರವಾಗಿದೆ ಎಂದು ಓದುಗರು ತಿಳಿಯಬಾರದು. ಪಾಲಿಕ್ಲಿನಿಕ್‌ನಲ್ಲಿ ಹೃದಯತಜ್ಞರನ್ನು ಕಾಣಲು ವಾರಗಟ್ಟಲೆ ಕಾಯಬೇಕಾಗಬಹುದು. ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ತೊಟ್ಟು ಕಾರಿಡಾರಿನಲ್ಲಿ ಕುಳಿತವರ ನಡುವೆ, "ನಾನು ಒಂದೇ ಒಂದು ಮಾತು ಕೇಳಿ ಬರುತ್ತೇನೆ" ಎಂದು ಬಾಗಿಲಿಗೆ ನುಗ್ಗುವವರಿಂದಾಗಿ ದಿನವೂ ಜಗಳ ನಡೆಯುತ್ತದೆ. 2015ರ ಆರೋಗ್ಯ ಸಚಿವಾಲಯದ ಆದೇಶವೊಂದು ಬಡಾವಣೆಯ ವೈದ್ಯರಿಗೆ ಒಬ್ಬ ರೋಗಿಗೆ 15 ನಿಮಿಷವೆಂದು ನಿಗದಿ ಮಾಡಿತು. ಕಾಗದಪತ್ರಕ್ಕೇ ಅದರಲ್ಲಿ ದೊಡ್ಡ ಪಾಲು ಹೋಗುತ್ತದೆ, ಮನುಷ್ಯರನ್ನು ಮುಟ್ಟಿ ನೋಡಲು ಏನು ಉಳಿಯಿತು ಎಂದು ಅಜ್ಜಿ ಕೋಪದಿಂದ ಕೇಳುತ್ತಾರೆ. ನಮ್ಮ ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗವನ್ನು ಕಂಡಿರುವ ನನಗೆ ಹದಿನೈದು ನಿಮಿಷವೆಂಬುದು ರಾಜೋಪಚಾರವಾಗಿ ಕೇಳುತ್ತದೆ, ಆದರೆ ಅದನ್ನು ಅವರೆದುರು ಹೇಳುವ ಧೈರ್ಯ ನನಗಿಲ್ಲ.

ಅವರ ದೂರುಗಳಿಗೊಂದು ಕಾನೂನಿನ ಬೆನ್ನೆಲುಬೂ ಇದೆ. 2006ರ ಕಾಯ್ದೆಯ ಪ್ರಕಾರ ಪ್ರಜೆಯೊಬ್ಬರು ಸರ್ಕಾರಿ ಕಚೇರಿಗೆ ಲಿಖಿತ ಮನವಿ ಕೊಟ್ಟರೆ, ಅದು ನೋಂದಣಿಯಾದ 30 ದಿನಗಳೊಳಗೆ ಲಿಖಿತ ಉತ್ತರ ಬರಬೇಕು. ಲಿಫ್ಟ್ ಕೆಟ್ಟರೆ, ಹಿಮ ತೆಗೆಯದಿದ್ದರೆ, ಔಷಧದಂಗಡಿಯಲ್ಲಿ ರಿಯಾಯಿತಿಯ ಮಾತ್ರೆ ಇಲ್ಲವೆಂದರೆ ಅಜ್ಜಿ ಬರೆಯುತ್ತಾರೆ. ಬಂದ ಉತ್ತರಗಳನ್ನು ಒಂದು ಕಡತದಲ್ಲಿ ಸೇರಿಸಿಟ್ಟಿದ್ದಾರೆ. ಹೆಚ್ಚಿನವು ಹಾರಿಕೆಯ ಉತ್ತರಗಳೇ. ಹಾಗಿದ್ದೂ ಪ್ರತಿಯೊಂದರಲ್ಲೂ ಒಬ್ಬ ಅಧಿಕಾರಿಯ ಸಹಿಯಿದೆ, ತಾರೀಖಿದೆ. ಅವರಿಗೆ ಅದೇ ಮುಖ್ಯ.

ಕಾಗದ ಸಾಲದಿದ್ದಾಗ ಇವರು ಬೀದಿಗೂ ಇಳಿದದ್ದುಂಟು. ಅಜ್ಜಿ ಮತ್ತೆ ಮತ್ತೆ ಹೇಳುವುದು 2005ರ ಜನವರಿಯ ಕಥೆಯನ್ನು. ಹಿಂದಿನ ವರ್ಷ ಮಾಡಿದ 122ನೇ ಸಂಖ್ಯೆಯ ಕಾಯ್ದೆಯ ಮೂಲಕ ಸರ್ಕಾರವು ಹಿರಿಯರಿಗೆ, ಅಂಗವಿಕಲರಿಗೆ, ಯುದ್ಧದಲ್ಲಿ ಹೋರಾಡಿದವರಿಗೆ ಇದ್ದ ಉಚಿತ ಬಸ್ಸು, ಉಚಿತ ಔಷಧಿಯಂಥ ಸವಲತ್ತುಗಳನ್ನು ತೆಗೆದು ಬದಲಿಗೆ ತಿಂಗಳಿಗಿಷ್ಟು ಹಣ ಕೊಡಲು ಹೊರಟಿತು. ಹೊಸ ವರ್ಷದ ರಜೆ ಮುಗಿಸಿ ಬಸ್ಸು ಹತ್ತಿದ ಮುದುಕ ಮುದುಕಿಯರಿಂದ ಕಂಡಕ್ಟರುಗಳು ದುಡ್ಡು ಕೇಳಿದಾಗಲೇ ಸಂಗತಿ ಅರ್ಥವಾದದ್ದು. ಮಾಸ್ಕೊ ಪಕ್ಕದ ಖೀಮ್ಕಿಯಲ್ಲಿ ಹೆದ್ದಾರಿಯನ್ನೇ ತಡೆದರು; ಸೇಂಟ್ ಪೀಟರ್ಸ್‌ಬರ್ಗ್ ಸೇರಿದಂತೆ ಅನೇಕ ನಗರಗಳಲ್ಲಿ ಹಿಮದ ನಡುವೆ ನಿಂತು ಕೂಗಿದರು. ಸರ್ಕಾರ ಪಿಂಚಣಿಯ ಏರಿಕೆಯನ್ನು ಮುಂಚಿತವಾಗಿ ಕೊಟ್ಟಿತು, ಎಷ್ಟೋ ಕಡೆ ರಿಯಾಯಿತಿ ಪಾಸುಗಳು ಮರಳಿ ಬಂದವು. ರಾಜಕೀಯದ ಗೊಡವೆಗೇ ಹೋಗದ ಜನ ಬಸ್ಸಿನ ಪಾಸಿಗಾಗಿ ಹೆದ್ದಾರಿಯಲ್ಲಿ ನಿಂತದ್ದು ಹೇಗೆಂದು ಕೇಳಿದರೆ, ಅದು ರಾಜಕೀಯವಲ್ಲ, ಅದು ನಮ್ಮದು ಎನ್ನುತ್ತಾರೆ.

2018ರಲ್ಲಿ ನಿವೃತ್ತಿಯ ವಯಸ್ಸನ್ನು ಏರಿಸಿದಾಗಲೂ ಹೀಗೆಯೇ. ಗಂಡಸರಿಗೆ 60 ಇದ್ದದ್ದನ್ನು 65ಕ್ಕೆ, ಹೆಂಗಸರಿಗೆ 55 ಇದ್ದದ್ದನ್ನು 63ಕ್ಕೆ ಏರಿಸುವ ಪ್ರಸ್ತಾಪ ಬಂದಾಗ ಎದ್ದ ಸಿಟ್ಟು ಎಷ್ಟಿತ್ತೆಂದರೆ, ಆಗಸ್ಟ್ ತಿಂಗಳಲ್ಲಿ ಅಧ್ಯಕ್ಷ ಪುಟಿನ್ ಸ್ವತಃ ಟಿ.ವಿ.ಯಲ್ಲಿ ಕಾಣಿಸಿಕೊಂಡು ಹೆಂಗಸರ ವಯಸ್ಸನ್ನು 60ಕ್ಕೆ ಇಳಿಸಬೇಕಾಯಿತು. ರಷ್ಯಾದ ಗಂಡಸರ ಸರಾಸರಿ ಆಯುಸ್ಸು 1994ರಲ್ಲಿ 58ಕ್ಕಿಂತ ಕೆಳಗೆ ಕುಸಿದಿತ್ತು, 2017ರಲ್ಲಿಯೂ 67ರ ಆಸುಪಾಸಿನಲ್ಲಿತ್ತು. ಅಜ್ಜಿಯ ಗಂಡ ಆ ತೊಂಬತ್ತರ ದಶಕದಲ್ಲಿ ತೀರಿಕೊಂಡವರು, ಪಿಂಚಣಿಯ ಒಂದು ರೂಬಲ್ಲನ್ನೂ ಕಾಣದೆ. "ಅರವತ್ತೈದು ಅಂದರೆ ಪಿಂಚಣಿಯನ್ನು ಸಮಾಧಿಗೆ ತಂದುಕೊಡುತ್ತಾರೆಯೇ?" ಎಂದು ಅವರು ಕೇಳುವಾಗ ಅದು ಹಾಸ್ಯವೋ ಅಲ್ಲವೋ ಎಂದು ನಿರ್ಧರಿಸುವುದು ಕಷ್ಟ.

ಈಗ ನಮ್ಮ ಕಡೆಗೆ ಬರುತ್ತೇನೆ. ನಾನು ಹುಡುಗಿಯಾಗಿದ್ದಾಗ ನಮ್ಮೂರಿನಿಂದ ಎರಡು ಮೈಲಿಯಾಚೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿತ್ತು. ನನ್ನ ಅಜ್ಜಿಯ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಲು ಗದ್ದೆಯ ಬದುವಿನ ಮೇಲೆ ನಡೆದು ಹೋದರೆ, ಬಾಗಿಲಲ್ಲಿ ಕುಳಿತ ಆಯಾ "ಡಾಕ್ಟ್ರು ಮೀಟಿಂಗಿಗೆ ಹೋಗಿದಾರೆ" ಎನ್ನುತ್ತಿದ್ದಳು. ಅಲ್ಲಿ ಬಂದು ಕುಳಿತವರೆಲ್ಲ ಎದ್ದು ಬಟ್ಟೆ ಕೊಡವಿಕೊಂಡು ಹೊರಡುತ್ತಿದ್ದರು. ಯಾವ ಮೀಟಿಂಗು, ಯಾವಾಗ ಬರುತ್ತಾರೆ, ಇನ್ನೊಬ್ಬರು ಏಕಿಲ್ಲ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಡಾಕ್ಟರು ಸಿಕ್ಕ ದಿನ ಅಜ್ಜಿ ಅವರಿಗೆ ಬಾಳೆಗೊನೆಯೋ ಸೌತೆಕಾಯಿಯೋ ಕೊಟ್ಟು ಕೈಮುಗಿದು ಬರುತ್ತಿದ್ದರು. ಸಿಗದ ದಿನ "ನಮ್ಮ ಗ್ರಹಚಾರ" ಎನ್ನುತ್ತಿದ್ದರು. ಸಿಕ್ಕಿದ್ದು ಉಪಕಾರ, ಸಿಗದದ್ದು ಗ್ರಹಚಾರ. ಬರಬೇಕಾದ ಬಾಕಿ ಎಂಬ ಮೂರನೆಯ ಲೆಕ್ಕ ನಮ್ಮಲ್ಲಿ ಇರಲೇ ಇಲ್ಲ.

ಮಾತು ಕೊಟ್ಟವರು ನಮ್ಮಲ್ಲಿಯೂ ಇರಲಿಲ್ಲವೆಂದಲ್ಲ. ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂಬ ತತ್ತ್ವವನ್ನು ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿಯೇ ಮುಂದಿಟ್ಟಿತ್ತು. ಆ ಸಮಿತಿ ಸಲಹೆ ಕೇಳಿದ ಹೊರಗಿನ ತಜ್ಞರಲ್ಲಿ, ಸೋವಿಯತ್ ವೈದ್ಯಪದ್ಧತಿಯನ್ನು ಹತ್ತಿರದಿಂದ ಅಭ್ಯಾಸ ಮಾಡಿ ಮೆಚ್ಚಿದ್ದ ವೈದ್ಯಕೀಯ ಇತಿಹಾಸಕಾರ ಹೆನ್ರಿ ಸಿಗರಿಸ್ಟ್ ಕೂಡ ಇದ್ದರು. ಎಂದರೆ ನಮ್ಮ ಗದ್ದೆಯಾಚೆಯ ಆ ಆರೋಗ್ಯ ಕೇಂದ್ರಕ್ಕೂ ಇಲ್ಲಿನ ಪಕ್ಕದ ಮನೆಯ ಅಜ್ಜಿಯ ಪಾಲಿಕ್ಲಿನಿಕ್‌ಗೂ ದೂರದ ನಂಟುಂಟು. ಆದರೆ ನಮ್ಮ ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯದ ಮಾತು ಬರುವುದು ನಿರ್ದೇಶಕ ತತ್ತ್ವಗಳ ಭಾಗದಲ್ಲಿರುವ 47ನೇ ವಿಧಿಯಲ್ಲಿ. ಆ ಭಾಗವನ್ನು ಹಿಡಿದು ನೇರವಾಗಿ ನ್ಯಾಯಾಲಯಕ್ಕೆ ಹೋಗಲಾಗದು. ಯೋಜನೆಗಳು ಬಂದವು. ರೈತರಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿಯಿಂದ ಹಿಡಿದು 2018ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದವರೆಗೆ. ಈ ಎರಡನೆಯದರಲ್ಲಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೂ, ಉಳಿದವರಿಗೆ ಪ್ಯಾಕೇಜ್ ದರದ ಶೇಕಡಾ 30ರಂತೆ ಒಂದೂವರೆ ಲಕ್ಷದವರೆಗೂ ನೆರವಿದೆ. ಚಿಕ್ಕಪ್ಪನ ವಿಷಯದಲ್ಲಿ ಅದನ್ನೊಮ್ಮೆ ವಿಚಾರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆಮೇಲೆ ತಮ್ಮನಿಗೆ ಫೋನ್ ಮಾಡಿದರೆ, "ಅದೆಲ್ಲ ನಮ್ಮಂಥವರಿಗಲ್ಲ ಕಣೆ" ಎಂದ.

ಚಿಕ್ಕಪ್ಪನ ಆಸ್ಪತ್ರೆಯ ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆಯನ್ನು ನೋಡಿದೆ. ನಾನು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆಯಿತ್ತು. ಅದರ ಹಿಂದೊಂದು ಕಥೆಯಿದೆ. ಬೀರೇಂದರ್ ಸಾಂಗ್ವಾನ್ ಎಂಬ ವಕೀಲರು ಸ್ಟೆಂಟುಗಳಿಗೆ ಆಸ್ಪತ್ರೆಗಳು ಹಾಕುವ ಬೆಲೆಯನ್ನು ಪ್ರಶ್ನಿಸಿ ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. 2016ರಲ್ಲಿ ಸ್ಟೆಂಟ್ ಅಗತ್ಯ ಔಷಧಗಳ ಪಟ್ಟಿಗೆ ಸೇರಿತು. 2017ರ ಫೆಬ್ರವರಿಯಲ್ಲಿ, ಔಷಧ ಲೇಪಿತ ಸ್ಟೆಂಟಿಗೆ ಸುಮಾರು 30 ಸಾವಿರ ರೂಪಾಯಿಯ ಮಿತಿ ಬಂತು. ಇದನ್ನು ಅಜ್ಜಿಗೆ ವಿವರಿಸಿದಾಗ ಅವರ ಮುಖ ಅರಳಿತು. "ನೋಡು, ಒಬ್ಬ ಬರೆದ" ಎಂದರು. ನೂರು ಕೋಟಿ ದಾಟಿದ ನಾಡಿನಲ್ಲಿ ಒಬ್ಬ ಎಂದು ನಾನು ಮನಸ್ಸಿನಲ್ಲೇ ಸೇರಿಸಿಕೊಂಡೆ.

ಇಲ್ಲಿಗೆ ಬರಹವನ್ನು ನಿಲ್ಲಿಸಿದ್ದರೆ ರಷ್ಯನ್ನರು ಹಕ್ಕು ಬಲ್ಲವರು, ನಾವು ತಲೆಬಾಗುವವರು ಎಂಬ ಸರಳ ಚಿತ್ರ ಉಳಿಯುತ್ತಿತ್ತು. ಅದು ಅರ್ಧವಷ್ಟೇ ನಿಜ. ಏಕೆಂದರೆ ಸರ್ಕಾರದಿಂದ ಚಿಕಿತ್ಸೆ ಬರಬೇಕೆಂದು ಜಗಳವಾಡುವ ಈ ಜನ, ಸರ್ಕಾರ ಕೊಡುವ ಚಿಕಿತ್ಸೆಯನ್ನು ನಂಬುವವರಲ್ಲ. ಅಜ್ಜಿಗೆ ಕೆಮ್ಮು ಬಂದರೆ ಮೊದಲು ಬೆನ್ನಿಗೆ ಸಾಸಿವೆಯ ಪಟ್ಟಿ, ಬಿಸಿ ಚಹಾದೊಳಗೆ ರಾಸ್ಪ್‌ಬೆರಿ ಮುರಬ್ಬ, ಆಮೇಲೆ ಔಷಧದಂಗಡಿಯವಳ ಸಲಹೆ. ವೈದ್ಯರ ಸರದಿ ಕೊನೆಗೆ. ಒಳ್ಳೆಯ ಡಾಕ್ಟರನ್ನು ಪರಿಚಯದವರಿಂದಲೇ ಹುಡುಕಬೇಕು, ಅವರಿಗೆ ಚಾಕೊಲೇಟ್ ಡಬ್ಬಿಯೋ ಕಾನ್ಯಾಕ್ ಬಾಟಲಿಯೋ ಕೊಂಡೊಯ್ಯಬೇಕು. ನನ್ನ ಅಜ್ಜಿಯ ಬಾಳೆಗೊನೆ ನೆನಪಾಗುವುದು ಇಲ್ಲಿಯೇ. 2005ರಲ್ಲಿ ಸವಲತ್ತುಗಳಿಗಾಗಿ ಹೆದ್ದಾರಿಯಲ್ಲಿ ನಿಂತವರಿಗೆ ಮುಂದೆ ಉಚಿತ ಔಷಧಿಯೋ ಅದರ ಬದಲಿಗೆ ಹಣವೋ ಎಂದು ಆಯ್ಕೆ ಕೊಟ್ಟಾಗ, ಬಹುಪಾಲು ಮಂದಿ ಆರಿಸಿದ್ದು ಹಣವನ್ನು. ಅಂಗಡಿಯಲ್ಲಿ ಔಷಧಿ ಇರುತ್ತದೆಂಬ ಭರವಸೆಗಿಂತ ಕೈಯಲ್ಲಿರುವ ರೂಬಲ್ ವಾಸಿ ಎಂಬುದು ಅವರ ಲೆಕ್ಕ.

ಇದಕ್ಕಿಂತ ಸ್ಪಷ್ಟವಾಗಿ ಕಂಡದ್ದು ಕೋವಿಡ್ ಕಾಲದಲ್ಲಿ. 2020ರ ಆಗಸ್ಟ್ 11ರಂದು ರಷ್ಯಾ ಜಗತ್ತಿನಲ್ಲೇ ಮೊದಲಾಗಿ ಸ್ಪುಟ್ನಿಕ್ ವಿ ಲಸಿಕೆಯನ್ನು ನೋಂದಾಯಿಸಿತು. ಉಚಿತ, ಹತ್ತಿರದಲ್ಲೇ ಲಭ್ಯ, ಮಾಸ್ಕೊದ ಗುಮ್ ಎಂಬ ಹೆಸರಾಂತ ಮಳಿಗೆಯಲ್ಲಿಯೂ ಹಾಕುತ್ತಿದ್ದರು. ಹಾಗಿದ್ದೂ 2021ರ ಆರಂಭದಲ್ಲಿ ಲೆವಾಡಾ ಕೇಂದ್ರದ ಸಮೀಕ್ಷೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದನ್ನು ಹಾಕಿಸಿಕೊಳ್ಳಲು ಸಿದ್ಧರಿಲ್ಲವೆಂದರು. ಪರೀಕ್ಷೆಗಳು ಪೂರ್ತಿಯಾಗುವ ಮೊದಲೇ ಅವಸರಪಟ್ಟದ್ದೇಕೆ ಎಂಬ ಅನುಮಾನ ಒಂದೆಡೆ, ಸರ್ಕಾರ ಇಷ್ಟು ಒತ್ತಾಯಿಸಿ ಉಚಿತವಾಗಿ ಕೊಡುತ್ತಿದೆಯೆಂದರೆ ಏನೋ ಇರಬೇಕು ಎಂಬ ಹಳೆಯ ಅನುಭವ ಇನ್ನೊಂದೆಡೆ. ಅದೇ ವರ್ಷದ ನಡುಭಾಗದಲ್ಲಿ ಅದೇ ಲಸಿಕೆ ಭಾರತದ ಖಾಸಗಿ ಆಸ್ಪತ್ರೆಗಳಲ್ಲಿ 1,145 ರೂಪಾಯಿಯ ಗರಿಷ್ಠ ದರಕ್ಕೆ ಬಂದಾಗ, ಬೆಂಗಳೂರಿನ ನನ್ನ ಗೆಳತಿಯೊಬ್ಬಳು ದುಡ್ಡು ಕೊಟ್ಟು ಹಾಕಿಸಿಕೊಂಡು ಚಿತ್ರ ಕಳಿಸಿದ್ದಳು. ಅದನ್ನು ಮೆಟ್ಟಿಲ ಬಳಿಯ ಬೆಂಚಿನ ಅಜ್ಜಿಯರಿಗೆ ತೋರಿಸಿದರೆ ಅವರು ಅವಳ ಬಗ್ಗೆ ಮರುಗಿದರು.

ಹಾಗಾದರೆ ದೂರು ಕೊನೆಗೆ ತಲುಪುವುದು ಯಾರನ್ನು? 2001ರಿಂದ ಪುಟಿನ್ ನಡೆಸಿಕೊಂಡು ಬಂದಿರುವ ಟಿ.ವಿ.ಯ 'ನೇರ ಸಂಪರ್ಕ' ಕಾರ್ಯಕ್ರಮವನ್ನು ನೋಡಿದರೆ ಅರ್ಥವಾಗುತ್ತದೆ. ದೂರದ ಹಳ್ಳಿಯ ಆರೋಗ್ಯ ಕೇಂದ್ರ ಮುಚ್ಚಿತು, ಆಸ್ಪತ್ರೆ ನಾಲ್ವತ್ತು ಮೈಲಿಯಾಚೆ ಹೋಯಿತು, ಔಷಧಿ ಸಿಗುತ್ತಿಲ್ಲ ಎಂದು ಜನ ನೇರವಾಗಿ ದೊರೆಗೇ ಹೇಳುತ್ತಾರೆ. ದೊರೆ ಒಳ್ಳೆಯವರು, ನಡುವಿನ ಅಧಿಕಾರಿಗಳು ಕೆಟ್ಟವರು ಎಂಬ ನಂಬಿಕೆ ಈ ನೆಲದಲ್ಲಿ ತ್ಸಾರರ ಕಾಲದ್ದು. ನೋಡುವಾಗಲೆಲ್ಲ ನನಗೆ ನಮ್ಮ ಮುಖ್ಯಮಂತ್ರಿಗಳ ಜನತಾ ದರ್ಶನದಲ್ಲಿ ಆಸ್ಪತ್ರೆಯ ಬಿಲ್ಲು ಹಿಡಿದು ಸಾಲುಗಟ್ಟಿದವರು ನೆನಪಾಗುತ್ತಾರೆ. ಬಾಕಿ ಕೇಳುವುದಕ್ಕೂ ಮೊರೆಯಿಡುವುದಕ್ಕೂ ನಡುವಿನ ಗೆರೆ ಆ ಪರದೆಯ ಮೇಲೆ ಅಳಿಸಿಹೋಗುತ್ತದೆ. ಇನ್ನು ಕೆಲವು ವಿಷಯಗಳ ಬಗ್ಗೆ ಅಜ್ಜಿ ಎಲ್ಲಿಗೂ ಬರೆಯುವುದಿಲ್ಲ. ಸೈನ್ಯಕ್ಕೆ ಸೇರಿದರೆ ಎಷ್ಟು ಲಕ್ಷ ರೂಬಲ್ ಎಂದು ದಪ್ಪಕ್ಷರದಲ್ಲಿ ಸಾರುವ ಭಿತ್ತಿಪತ್ರಗಳನ್ನು ದಾಟಿ ನಾವಿಬ್ಬರೂ ಮಾರುಕಟ್ಟೆಗೆ ಹೋಗುತ್ತೇವೆ; ಅವುಗಳ ಬಗ್ಗೆ ಅವರು ಏನೂ ಹೇಳುವುದಿಲ್ಲ, ನಾನು ಕೇಳುವುದೂ ಇಲ್ಲ.

ಹೊಸ ತಲೆಮಾರಿನ ದನಿ ಬೇರೆ. ಕಳೆದ ಭಾನುವಾರ ಅಜ್ಜಿಯ ಮಗಳು ಬಂದಿದ್ದಳು. ಖಾಸಗಿ ಕಂಪನಿಯಲ್ಲಿ ಕೆಲಸ, ಕಂಪನಿಯೇ ಕೊಡುವ ಖಾಸಗಿ ವಿಮೆ, ಸಾಲದಲ್ಲಿ ಕೊಂಡ ಮನೆ. ಹೃದಯತಜ್ಞರಿಗಾಗಿ ತಾಯಿ ಬರೆದ ದೂರಿಗೆ ಉತ್ತರ ಬಂದು, ಪಾಲಿಕ್ಲಿನಿಕ್‌ನಲ್ಲಿ ದಿನವೂ ಗೊತ್ತಾಗಿ, ಕೊನೆಗೆ ಅಜ್ಜಿ ಅಲ್ಲಿಗೆ ಹೋಗದೆ ಪಿಂಚಣಿಯ ಹಣ ಕೊಟ್ಟು ಖಾಸಗಿ ವೈದ್ಯರಿಗೆ ತೋರಿಸಿಕೊಂಡದ್ದು ಅವಳಿಗೆ ತಮಾಷೆಯಾಗಿ ಕಂಡಿತ್ತು. ಹೋಗುವುದಿಲ್ಲವೆಂದ ಮೇಲೆ ಬರೆದದ್ದೇಕೆ ಎಂದು ಕೇಳಿದಳು. ಅಜ್ಜಿ, ಬರೆಯದಿದ್ದರೆ ಅದನ್ನೂ ಮುಚ್ಚಿಬಿಡುತ್ತಾರೆ ಎಂದರು. ಮಗಳು ನನ್ನತ್ತ ತಿರುಗಿ, ಸರ್ಕಾರ ನಮಗೇನೂ ಕೊಡಬೇಕಾಗಿಲ್ಲ, ನಮ್ಮ ಪಾಡಿಗೆ ನಮ್ಮನ್ನು ಬಿಟ್ಟರೆ ಸಾಕು ಎಂದಳು. ಅದು ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನಲ್ಲಿ ಕೇಳಬಹುದಾದ ಮಾತು, ಧಾಟಿ ಕೂಡ ಅದೇ, ನಾನು ತಲೆಯಾಡಿಸಿದೆ.

ಅಜ್ಜಿ ಬಿಡಲಿಲ್ಲ. ಎರಡನೆಯ ಮಗು ಹುಟ್ಟಿದ ಮೇಲೆ ಕೆಲಸ ಕಾಯ್ದುಕೊಂಡು ಮೂರು ವರ್ಷ ಮನೆಯಲ್ಲಿದ್ದವಳು ಯಾರು ಎಂದು ಕೇಳಿದರು. 2007ರಿಂದ ಸರ್ಕಾರ ಮಕ್ಕಳಾದ ಕುಟುಂಬಗಳಿಗೆ ಕೊಡುತ್ತಿರುವ 'ಮಾತೃತ್ವ ನಿಧಿ'ಯನ್ನು ಮನೆಸಾಲಕ್ಕೆ ತುಂಬಿದವರು ಯಾರು ಎಂದರು. "ನಿನ್ನ ಮನೆಯ ಒಂದು ಕೋಣೆ ಯಾರ ದುಡ್ಡಿನದು, ಹೇಳು."

ಮಗಳಿಗೆ ಸಿಟ್ಟು ಬಂತು. "ಸರ್ಕಾರದ್ದೇನಮ್ಮ ಅದು? ನಾವು ಕಟ್ಟಿದ ತೆರಿಗೆ. ನಮ್ಮದೇ ದುಡ್ಡು."

"ಇಷ್ಟು ವರ್ಷದಿಂದ ನಾನು ಬರೆಯುತ್ತಿರುವುದೂ ಅದನ್ನೇ" ಎಂದರು ಅಜ್ಜಿ.